ಬೋಗಿ ಇದೆ, ಆದರೆ ಕೆರೆಯ ಆಚೆ ದಡದಲ್ಲಿದೆ: ಸಿಯಾಟಲ್ ಲೈಟ್ ರೈಲ್ ಬಗ್ಗೆ ಒಂದು ಪ್ರಶ್ನೆ

ಲಿನ್‌ವುಡ್ ಲಿಂಗರಾಜ | 9 ಅಕ್ಟೋಬರ್ 2024

ಎಲ್ಲರಿಗೂ ನಮಸ್ಕಾರ. ಇದು ದೂರಲ್ಲ. ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಅಷ್ಟೇ.

ಆಗಸ್ಟ್ 30ಕ್ಕೆ ಸಿಯಾಟಲ್ ಲೈಟ್ ರೈಲ್‌ನ (ಮೆಟ್ರೊ ಥರದ ನಗರ ರೈಲು) 1 ಲೈನ್ ನಾರ್ತ್‌ಗೇಟ್‌ನಿಂದ ಉತ್ತರಕ್ಕೆ ನಮ್ಮ ಲಿನ್‌ವುಡ್‌ಗೆ ಬಂತು. ಎಂಟೂವರೆ ಮೈಲಿ, ನಾಲ್ಕು ಹೊಸ ಸ್ಟೇಷನ್. ನನಗಂತೂ ಬಹಳ ಅನುಕೂಲ ಆಗಿದೆ. ಲಿನ್‌ವುಡ್‌ನಲ್ಲಿ ಹತ್ತಿದರೆ ಸೀಟು ಗ್ಯಾರಂಟಿ. ಆದರೆ ಯೂನಿವರ್ಸಿಟಿ ಸ್ಟೇಷನ್ ಬರುವ ಹೊತ್ತಿಗೆ ಬಾಗಿಲ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಎಂಟು ನಿಮಿಷಕ್ಕೊಂದು ರೈಲು. ರೈಲಿನ ಮೇಲೆ ಭಾರ ಬೀಳದಿರಲಿ ಅಂತ ಡೌನ್‌ಟೌನ್‌ಗೆ 515 ನಂಬರಿನ ಬಸ್ ಬೇರೆ ಹಾಕಿದ್ದಾರೆ.

ವಾರಕ್ಕೆ ಎರಡು ದಿನ ನನಗೆ ವಾಷಿಂಗ್ಟನ್ ಸರೋವರದ ಆಚೆ ದಡದ ಬೆಲ್‌ವ್ಯೂ ಆಫೀಸು. ಅಲ್ಲಿ ಏಪ್ರಿಲ್‌ನಲ್ಲಿ ಶುರುವಾದ 2 ಲೈನ್ ಇದೆ. ಎರಡೇ ಬೋಗಿ, ಆದರೂ ಕಾಲು ಚಾಚಿ ಕೂರಬಹುದು. ಊಟ ಆದ ಮೇಲೆ ಸ್ಪ್ರಿಂಗ್ ಡಿಸ್ಟ್ರಿಕ್ಟ್ ಕಡೆ ಒಂದು ಸುತ್ತು ನಡೆಯುತ್ತೇನೆ. ಅಲ್ಲಿನ ಶೆಡ್‌ನಲ್ಲಿ, ಬೇಲಿಯ ಆಚೆ, ಸೀಮೆನ್ಸ್ ಕಂಪನಿಯ ಹೊಸ ಬೋಗಿಗಳು ಸಾಲಾಗಿ ನಿಂತಿರುತ್ತವೆ. ಸುಮ್ನೆ ನಿಂತಿರುತ್ತವೆ.

ಒಂದು ದಡದಲ್ಲಿ ಜನ ನಿಂತು ಹೋಗುತ್ತಾರೆ, ಇನ್ನೊಂದು ದಡದಲ್ಲಿ ಬೋಗಿ ನಿಂತಿವೆ. ಯಾಕೆ? ಲೈನ್ ಉದ್ದ ಮಾಡುವ ಮೊದಲು ಬೋಗಿ ಲೆಕ್ಕ ಹಾಕಿರುವುದಿಲ್ವಾ?

ರೆಡ್ಮಂಡ್ ರಘು | 9 ಅಕ್ಟೋಬರ್ 2024

ಲೆಕ್ಕ ಹಾಕಿದ್ದರು ಸಾರ್. ತಪ್ಪಿದ್ದು ಸರದಿ.

ಮೊದಲು ಕೆರೆ ದಾಟುವ ಲೈನ್, ಆಮೇಲೆ ಲಿನ್‌ವುಡ್ ಅಂತ ಪ್ಲ್ಯಾನ್ ಇತ್ತು. ವಾಷಿಂಗ್ಟನ್ ಸರೋವರದ ಮೇಲಿನದು ತೇಲುವ ಸೇತುವೆ. ಅದರ ಮೇಲೆ ಲೈಟ್ ರೈಲ್ ಹಾಕುವುದು ಪ್ರಪಂಚದಲ್ಲೇ ಮೊದಲು. ಆದರೆ ಪೆಟ್ಟು ಬಿದ್ದಿದ್ದು ತೇಲುವ ಭಾಗದಲ್ಲಲ್ಲ. ಆ ಮಾರ್ಗದ ಉದ್ದಕ್ಕೂ ಹಳಿಯ ಕೆಳಗೆ ಕೂರಿಸಿದ ಸಣ್ಣ ಸಣ್ಣ ಕಾಂಕ್ರೀಟ್ ಕಟ್ಟೆಗಳಲ್ಲಿ. ಸರಿಯಾಗಿ ಬಂದಿಲ್ಲ ಅಂತ ಸಾವಿರಾರು ಕಟ್ಟೆ ಒಡೆದು ಮತ್ತೆ ಕಟ್ಟಬೇಕಾಯಿತು. ಹಾಗಾಗಿ ಲಿನ್‌ವುಡ್ ಮುಂದೆ ಹೋಯಿತು, ಸೇತುವೆ ಹಿಂದೆ ಬಿತ್ತು. ಬೆಲ್‌ವ್ಯೂ ಶೆಡ್‌ನಲ್ಲಿ 96 ಬೋಗಿಗೆ ಜಾಗ ಇದೆ. ಆದರೆ ಅಲ್ಲಿಂದ ನಿಮ್ಮ ಲೈನಿಗೆ ಇವತ್ತು ಹಳಿಯೇ ಇಲ್ಲ.

ಲಿನ್‌ವುಡ್ ಲಿಂಗರಾಜ | 9 ಅಕ್ಟೋಬರ್ 2024

ಓಹೋ. ಹಾಗಾದರೆ ಲಾರಿಯಲ್ಲಿ ಹೇರಿಕೊಂಡು ಈ ದಡಕ್ಕೆ ತರಬಹುದಲ್ವಾ? ಶೆಡ್‌ನಲ್ಲಿ ಜಾಗ ಇಲ್ಲದಿದ್ದರೆ ರಾತ್ರಿ ಸ್ಟೇಷನ್‌ನಲ್ಲೇ ನಿಲ್ಲಿಸಲಿ. ಇನ್ನೊಂದು: ಪೋರ್ಟ್‌ಲೆಂಡ್‌ನಲ್ಲೂ ಸೀಮೆನ್ಸ್ ಬೋಗಿಗಳೇ. ಮೂರು ಗಂಟೆ ದಾರಿ. ಸಾಲ ಕೇಳಬಾರದಾ?

ಡಿಪೋ ತಾತ | 10 ಅಕ್ಟೋಬರ್ 2024

ಲಿಂಗರಾಜ್ ಅವರೇ, ನಾನು ಮಗಳ ಮನೆಗೆ ಅಂತ ಆರು ತಿಂಗಳಿಗೆ ಮೌಂಟ್‌ಲೇಕ್ ಟೆರೇಸ್‌ಗೆ ಬಂದಿದ್ದೇನೆ. ಊರಲ್ಲಿ ಮಲೆನಾಡಿನ ಒಂದು ಬಸ್ ಡಿಪೋದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ರೈಲು ನನ್ನ ವಿಷಯ ಅಲ್ಲ. ಆದರೆ ಗಾಡಿ ಸಾಲದೆ ಹೋಗುವುದು ನನ್ನ ವಿಷಯವೇ. ಮೂವತ್ನಾಲ್ಕು ವರ್ಷ ಅದನ್ನೇ ಮಾಡಿದ್ದು.

ಡಿಪೋದಲ್ಲಿ ಹೊಸಬರಿಗೆ ನಾವು ಹೇಳಿಕೊಡುತ್ತಿದ್ದ ಲೆಕ್ಕ ಒಂದೇ. ಗಾಡಿ ಹೋಗಿ, ತಿರುಗಿ, ವಾಪಸ್ ಬಂದು, ಮತ್ತೆ ಹೊರಡಲು ಎಷ್ಟು ನಿಮಿಷ? ಅದನ್ನು ಎಷ್ಟು ನಿಮಿಷಕ್ಕೊಂದು ಗಾಡಿ ಬಿಡುತ್ತೀರೋ ಅದರಿಂದ ಭಾಗಿಸಿ. ಬಂದದ್ದೇ ಬೇಕಾದ ಗಾಡಿ. ಮಂತ್ರಿ ಬಂದು ಹೇಳಿದರೂ ಈ ಲೆಕ್ಕ ಬದಲಾಗುವುದಿಲ್ಲ.

ನನಗೆ ಇಲ್ಲಿ ಹಗಲು ಹೊತ್ತು ಕೆಲಸ ಇಲ್ಲ. ಕಳೆದ ವಾರ ಲಿನ್‌ವುಡ್‌ನಿಂದ ಆ ತುದಿ ಆ್ಯಂಗಲ್ ಲೇಕ್‌ವರೆಗೆ ವಾಚ್ ನೋಡಿಕೊಂಡು ಹೋಗಿ ಬಂದೆ. ಒಂದು ಕಡೆಗೆ ಎಪ್ಪತ್ತು ನಿಮಿಷದ ಆಸುಪಾಸು. ಎರಡೂ ತುದಿಯಲ್ಲಿ ಹತ್ತು ಹತ್ತು ನಿಮಿಷ ಡ್ರೈವರ್‌ಗೆ ಉಸಿರಾಡಲು ಬಿಡಿ. ಒಟ್ಟು 160. ಎಂಟರಿಂದ ಭಾಗಿಸಿದರೆ 20 ರೈಲು. ಒಂದೊಂದಕ್ಕೆ ನಾಲ್ಕು ಬೋಗಿ ಅಂದರೆ 80.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಕೆಟ್ಟಿರಿ. ರಿಪೇರಿ ಪಿಟ್ ಮೇಲೆ ನಿಂತದ್ದು, ಸವೆದ ಚಕ್ರ ಸಮ ಮಾಡಿಸಲು ಹೋದದ್ದು, ಬಾಗಿಲು ಮುಚ್ಚದೆ ಹಟ ಹಿಡಿದದ್ದು ಅಂತ ನೂರಕ್ಕೆ ಹದಿನೈದಿಪ್ಪತ್ತು ಯಾವಾಗಲೂ ಸ್ಪೇರ್ ಇರಬೇಕು. 16 ಸೇರಿಸಿ. 96 ಆಯಿತು. ಸಿಯಾಟಲ್ ಕಡೆಯ ಹಳೆ ಶೆಡ್‌ನಲ್ಲಿ ಹಿಡಿಸುವುದು ನೂರು ಚಿಲ್ಲರೆ ಬೋಗಿ ಅಂತ ಅಳಿಯ ಹೇಳಿದ. ನೋಡಿ, ಎಂಟು ನಿಮಿಷ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ. ಅದು ಪ್ಯಾಸೆಂಜರ್ ಎಣಿಸಿ ಬಂದದ್ದಲ್ಲ, ಶೆಡ್ ಅಳತೆಯಿಂದ ಬಂದದ್ದು ಅಂತ ನನ್ನ ಗುಮಾನಿ. ಆರು ನಿಮಿಷಕ್ಕೆ ಇಳಿಸಿದರೆ 27 ರೈಲು, 108 ಬೋಗಿ, ಸ್ಪೇರ್ ಸೇರಿ 130. ಇಡುವುದೆಲ್ಲಿ?

ಬೋಗಿಗಳೂ ಎರಡು ಜಾತಿ. ಮೊದಲು ತಂದ 62 ಜಪಾನಿನ ಕಿಂಕಿ ಶಾರ್ಯೋದವು. ಆಮೇಲೆ ಆರ್ಡರ್ ಕೊಟ್ಟ 152 ಸೀಮೆನ್ಸ್, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕಟ್ಟಿದ್ದು. ಇವೆರಡನ್ನೂ ಒಂದೇ ರೈಲಿಗೆ ಜೋಡಿಸಲು ಬರುವುದಿಲ್ಲ. ಹಾಗಾಗಿ ಸ್ಪೇರ್ ಕೂಡ ಎರಡು ಜಾತಿಯದ್ದು ಬೇಕು. ನಮ್ಮಲ್ಲಿ ಟಾಟಾ ಗಾಡಿಯ ಸಾಮಾನು ಲೇಲ್ಯಾಂಡ್‌ಗೆ ಆಗದೆ ಒದ್ದಾಡಿದ್ದು ನೆನಪಾಯಿತು.

ಲಾರಿಯಲ್ಲಿ ತರುವ ಮಾತು. ತರಬಹುದು. ಆ ದಡದ ಬೋಗಿಗಳು ರಸ್ತೆ ಮೇಲೇ ಬಂದಿರಬೇಕಲ್ಲ, ಹಳಿ ಇಲ್ಲದ ಮೇಲೆ. ಆದರೆ ತಂದು ಮಲಗಿಸಲು ಜಾಗ ಬೇಕು.

ಇನ್ನು ಸ್ಟೇಷನ್‌ನಲ್ಲಿ ನಿಲ್ಲಿಸುವುದು. ಇದು ಓದಿ ನನಗೆ ನಗು ಬಂತು, ಯಾಕೆಂದರೆ ನನ್ನ ಅರ್ಧ ಸರ್ವೀಸ್ ಅದರಲ್ಲೇ ಹೋಯಿತು. ನಮ್ಮ ಡಿಪೋದಲ್ಲೂ ಎಲ್ಲ ಬಸ್ಸಿಗೆ ಜಾಗ ಇರಲಿಲ್ಲ. ಅದಕ್ಕೇ ಹಾಲ್ಟಿಂಗ್ ಬಸ್. ಸಂಜೆ ಹೋದ ಗಾಡಿ ಹಳ್ಳಿಯಲ್ಲೇ ರಾತ್ರಿ ನಿಲ್ಲುತ್ತದೆ, ಬೆಳಿಗ್ಗೆ ಆರಕ್ಕೆ ಕಾಲೇಜು ಮಕ್ಕಳನ್ನೂ ಹಾಲಿನ ಕ್ಯಾನನ್ನೂ ಹತ್ತಿಸಿಕೊಂಡು ಪೇಟೆಗೆ ಬರುತ್ತದೆ. ಡ್ರೈವರ್ ಹಿಂದಿನ ಉದ್ದ ಸೀಟಿನ ಮೇಲೆ, ಕಂಡಕ್ಟರ್ ಕ್ಯಾಷ್ ಬ್ಯಾಗ್ ತಲೆ ಕೆಳಗೆ ಇಟ್ಟುಕೊಂಡು. ಊರಿನವರು ಯಾರೋ ಅನ್ನ ಸಾರು ಕಳಿಸುವರು. ಮಳೆಗಾಲದಲ್ಲಿ ಜಿಗಣೆ ಬೇರೆ. ಆದರೆ ಬಸ್ ಕೆಟ್ಟರೆ ಹಿಂದಿನ ಬಸ್ ಪಕ್ಕದಿಂದ ಹೋಗುತ್ತದೆ. ಹಳಿ ಮೇಲೆ ಮುಂದಿನದು ಬೆಳಿಗ್ಗೆ ಏಳಲಿಲ್ಲ ಅಂದರೆ ಹಿಂದಿನವೆಲ್ಲ ಅದರ ಮುಖ ನೋಡುತ್ತ ನಿಲ್ಲಬೇಕು. ಅಲ್ಲದೆ ರಾತ್ರಿ ಮೂರ್ನಾಲ್ಕು ಗಂಟೆ ಇದೆಯಲ್ಲ, ಆಗಲೇ ಕರೆಂಟ್ ತೆಗೆದು ಹಳಿ ರಿಪೇರಿ ಮಾಡುವುದು. ತೊಳೆಯುವುದು, ಬ್ರೇಕ್ ನೋಡುವುದು, ಅದೆಲ್ಲ ಶೆಡ್‌ನಲ್ಲೇ ಆಗಬೇಕು. ಒಂದೆರಡು ರೈಲಿಗೆ ಹಾಲ್ಟಿಂಗ್ ಮಾಡಬಹುದೇನೋ. ಅದರ ಮೇಲೇ ಟೈಂಟೇಬಲ್ ಕಟ್ಟಲು ನನಗಂತೂ ಧೈರ್ಯ ಬರುತ್ತಿರಲಿಲ್ಲ.

ಪೋರ್ಟ್‌ಲೆಂಡ್ ವಿಷಯ ಗೊತ್ತಿರುವವರು ಹೇಳಲಿ.

ರೆಡ್ಮಂಡ್ ರಘು | 10 ಅಕ್ಟೋಬರ್ 2024

ತಾತ, ನಿಮ್ಮ ಕಾಲಿಗೆ ನಮಸ್ಕಾರ.

ಪೋರ್ಟ್‌ಲೆಂಡ್ ಬೋಗಿ ಇಲ್ಲಿ ಓಡುವುದಿಲ್ಲ. ಅಲ್ಲಿ ಮೇಲಿನ ತಂತಿಯಲ್ಲಿ 750 ವೋಲ್ಟ್, ಅಮೆರಿಕದ ಬಹುತೇಕ ಲೈಟ್ ರೈಲ್‌ನಲ್ಲಿ ಅಷ್ಟೇ. ಸಿಯಾಟಲ್‌ನಲ್ಲಿ 1500. ಕಂಪನಿ ಒಂದೇ ಆದರೂ ಒಳಗಿನ ಹೊಟ್ಟೆ ಬೇರೆ.

ಪಾಸಡೀನಾ ಪದ್ಮ | 11 ಅಕ್ಟೋಬರ್ 2024

ಲಾಸ್ ಏಂಜಲೀಸ್‌ನವಳು ನಾನು. ನಿಮ್ಮದು ಜಾಗದ ಕಷ್ಟ. ನಾವು 2016ರಲ್ಲಿ ಪಟ್ಟದ್ದು ನಿಜವಾದ ಬೋಗಿ ಬರ.

ಆ ವರ್ಷ ಮಾರ್ಚ್ 5ಕ್ಕೆ ಗೋಲ್ಡ್ ಲೈನ್ ನಮ್ಮ ಪಾಸಡೀನಾದಿಂದ ಅಝೂಸಾವರೆಗೆ ಉದ್ದವಾಯಿತು. ಮೇ 20ಕ್ಕೆ ಎಕ್ಸ್‌ಪೋ ಲೈನ್ ಸ್ಯಾಂಟಾ ಮೋನಿಕಾ ಕಡಲ ತೀರಕ್ಕೆ ಹೋಯಿತು. ಹನ್ನೊಂದು ವಾರದಲ್ಲಿ ಎರಡು ಮದುವೆ! ಬಡಿಸುವ ತಟ್ಟೆ ಮಾತ್ರ ಒಂದು ಮದುವೆಯದ್ದು. ಎಕ್ಸ್‌ಪೋದಲ್ಲಿ 12 ನಿಮಿಷಕ್ಕೊಂದು ರೈಲು. ಬೀಚಿಗೆ ಹೋಗುವ ಶನಿವಾರ ನೋಡಬೇಕಿತ್ತು. ಮಕ್ಕಳ ಬಕೆಟ್ಟು, ಛತ್ರಿ, ಸೈಕಲ್ಲು, ನಾವು.

ಬೇರು ಇನ್ನೂ ಹಿಂದಿದೆ. ಇಟಲಿಯ ಆನ್ಸಾಲ್ಡೊ ಬ್ರೆಡಾ ಕಂಪನಿಯಿಂದ 50 ಬೋಗಿ ತಗೊಂಡು, ಬೇಕಾದರೆ ಇನ್ನೂ 100 ಅಂತ ಕರಾರಿತ್ತು. 2009ರಲ್ಲಿ ಆ ನೂರರ ಮಾತು ಮುರಿದು ಬಿತ್ತು. ಮತ್ತೆ ಟೆಂಡರ್ ಕರೆದು ಕಿಂಕಿ ಶಾರ್ಯೋಗೆ ಆರ್ಡರ್ ಕೊಡುವಾಗ 2012. ಮೊದಲು 78, ಆಮೇಲೆ ಬೆಳೆದು ಬೆಳೆದು 235. ಜೋಡಿಸಿದ್ದು ಇಲ್ಲೇ ಪಾಮ್‌ಡೇಲ್‌ನಲ್ಲಿ. ಬೋಗಿ ಬಂದ ಹಾಗೆಲ್ಲ ಅಂತರ ಇಳಿಯಿತು, ಆ ವರ್ಷದ ಕೊನೆಗೆ ರಶ್ ಹೊತ್ತಿನಲ್ಲಿ ಆರು ನಿಮಿಷಕ್ಕೆ ಬಂತು. ಅಡಿಗಲ್ಲು ಹಾಕುವ ದಿನಕ್ಕೆ ಫೋಟೊ ಇರುತ್ತದೆ, ಬೋಗಿ ಆರ್ಡರ್ ಮಾಡುವ ದಿನಕ್ಕೆ ಯಾರೂ ಹಾರ ಹಾಕುವುದಿಲ್ಲ. ಅದಕ್ಕೇ ಅದು ಯಾವಾಗಲೂ ತಡ ಅಂತ ನಮ್ಮೆಜಮಾನರು.

ಹೆಬ್ಬಗೋಡಿ ಹೇಮಾ | 12 ಅಕ್ಟೋಬರ್ 2024

ಅಮೆರಿಕದವರೆಲ್ಲ ಸ್ವಲ್ಪ ಬೆಂಗಳೂರಿಗೆ ಬನ್ನಿ 😀

ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ. 19 ಕಿಲೋಮೀಟರ್, 16 ಸ್ಟೇಷನ್. ಕಂಬ ಇದೆ, ಹಳಿ ಇದೆ, ಹೆಬ್ಬಗೋಡಿಯಲ್ಲಿ ಡಿಪೋ ಇದೆ. ರೈಲು? ಒಂದು! ಫೆಬ್ರವರಿಯಲ್ಲಿ ಚೀನಾದಿಂದ ಚೆನ್ನೈ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬಂತು. ಟೆಸ್ಟ್‌ಗೆ ಅದೇ ಒಂಟಿ ಸಲಗ ಹೋಗಿ ಬರುತ್ತಿದೆ. 2019ರಲ್ಲಿ ಚೀನಾ ಕಂಪನಿಗೆ 216 ಬೋಗಿಯ ಆರ್ಡರ್. ಮಧ್ಯದಲ್ಲಿ ಗಡಿ ಗಲಾಟೆ, ವೀಸಾ ತೊಂದರೆ. ಕೊನೆಗೆ ಹೆಚ್ಚಿನವನ್ನು ಕೋಲ್ಕತ್ತ ಹತ್ತಿರದ ಟೀಟಾಗಢದವರು ಕಟ್ಟುವುದು ಅಂತ ಆಯಿತು. ಹಸಿರು, ನೇರಳೆ ಮಾರ್ಗದಿಂದ ತರೋಣ ಅಂದರೆ ಸಿಗ್ನಲ್ ವ್ಯವಸ್ಥೆಯೇ ಬೇರೆ. ಪೋರ್ಟ್‌ಲೆಂಡ್ ಕಥೆಯೇ.

ಹಲ್ಲು, ಕಡಲೆ ಗಾದೆ ಇದೆಯಲ್ಲ. ಕಡಲೆ ಸಿಯಾಟಲ್‌ನಲ್ಲಿದೆ, ಹಲ್ಲು ಹೆಬ್ಬಗೋಡಿಯಲ್ಲಿದೆ.

ಹೆಬ್ಬಗೋಡಿ ಹೇಮಾ | 12 ಆಗಸ್ಟ್ 2025

ಹಳೆ ಚರ್ಚೆ ಮತ್ತೆ ಎಬ್ಬಿಸುತ್ತಿದ್ದೇನೆ, ಬೈಬೇಡಿ. ನಿನ್ನೆಯಿಂದ ಹಳದಿ ಮಾರ್ಗ ಓಡುತ್ತಿದೆ! ರೈಲು ಮೂರು. 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಕಾಫಿ ಕುಡಿದು, ಇನ್ನೊಂದು ಕಾಫಿ ಕುಡಿದು ಬರಬಹುದು. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲಿಂದ ಕೆಳಗಿನ ಟ್ರಾಫಿಕ್ ನೋಡುತ್ತ ಹೋದೆನಲ್ಲ, ಆ ಸುಖಕ್ಕೆ ಎಷ್ಟು ಕಾದರೂ ಅಡ್ಡಿ ಇಲ್ಲ. ಡಿಪೋ ತಾತ ಇದ್ದಾರಾ?

ಡಿಪೋ ತಾತ | 13 ಆಗಸ್ಟ್ 2025

ಇದ್ದೀನಮ್ಮ, ಊರಲ್ಲೇ ಇದ್ದೀನಿ.

ಮೂರು ರೈಲು, 25 ನಿಮಿಷ. ಗುಣಿಸು. 75 ನಿಮಿಷಕ್ಕೆ ಒಂದು ಸುತ್ತು. ಹಾಗಾದರೆ ನಾಲ್ಕನೆಯದು ಬಂದ ದಿನ 75ನ್ನು ನಾಲ್ಕರಿಂದ ಭಾಗಿಸು. 19 ಅಂತ ಬೋರ್ಡ್ ಹಾಕುತ್ತಾರೆ. ಐದನೆಯದಕ್ಕೆ 15. ಸಿಗ್ನಲ್ ಎಷ್ಟೇ ಹೊಸದಿರಲಿ, ಡ್ರೈವರ್ ಇಲ್ಲದೆ ಓಡುವ ರೈಲೇ ಇರಲಿ, ಇದು ಹಾಗೇ. ಬರೆದಿಟ್ಟುಕೋ.

ಲಿನ್‌ವುಡ್ ಲಿಂಗರಾಜ | 22 ನವೆಂಬರ್ 2025

ತಾತ, ಹೇಮಾ ಬರೆದಿಟ್ಟುಕೊಂಡರೋ ಇಲ್ಲವೋ, ನಾನು ಇಟ್ಟುಕೊಂಡಿದ್ದೆ. ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ರೈಲು, 19 ನಿಮಿಷ. ನವೆಂಬರ್ 1ಕ್ಕೆ ಐದನೆಯದು, 15 ನಿಮಿಷ. ಪೇಪರ್‌ನಲ್ಲಿ ಓದಿ ಹೆಂಡತಿಗೆ ತೋರಿಸಿದೆ. ಯಾರು ಈ ತಾತ ಅಂತ ಕೇಳಿದಳು.

ಇಲ್ಲಿ ಕೆರೆ ಸೇತುವೆ ಇನ್ನೂ ತೆರೆದಿಲ್ಲ. 2026ರ ಆರಂಭದಲ್ಲಿ ಅಂತ ಹೇಳುತ್ತಿದ್ದಾರೆ. ಅದಕ್ಕೂ ಮೊದಲೇ ಡಿಸೆಂಬರ್ 6ಕ್ಕೆ 1 ಲೈನ್ ದಕ್ಷಿಣಕ್ಕೆ ಫೆಡರಲ್ ವೇವರೆಗೆ ಹೋಗುತ್ತದೆ. ಇನ್ನೂ ಮೂರು ಸ್ಟೇಷನ್, ಸುಮಾರು ಎಂಟು ಮೈಲಿ. ಲೆಕ್ಕ ಹಾಕಿ ಕೊಡಿ ತಾತ.

ಡಿಪೋ ತಾತ | 23 ನವೆಂಬರ್ 2025

ಲಿಂಗರಾಜ್, ಎಂಟು ಮೈಲಿಗೆ ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಹೋಗಿ ಬರಲು ಅರ್ಧ ಗಂಟೆ. 160 ಇದ್ದದ್ದು 190 ಆಯಿತು. ಎಂಟು ನಿಮಿಷಕ್ಕೊಂದು ಬಿಡಬೇಕಾದರೆ 24 ರೈಲು, ಅಂದರೆ ಇನ್ನೂ 16 ಬೋಗಿ, ಜೊತೆಗೆ ಸ್ಪೇರ್ ಮೂರು. ಹಳೆ ಶೆಡ್ ಒಂದನ್ನೇ ನಂಬಿದರೆ ಹಿಡಿಸುವುದಿಲ್ಲ. ಹೇಗೆ ಹೊಂದಿಸುತ್ತಾರೆ ಅಂತ ನನಗೂ ಕುತೂಹಲ. ಒಂದೆರಡು ಕಡೆ ಹಾಲ್ಟಿಂಗ್ ಮಾಡುತ್ತಾರೆ ಅಂತ ನನ್ನ ಮನಸ್ಸು ಹೇಳುತ್ತದೆ. ಡಿಸೆಂಬರ್ 7ರ ಬೆಳಗಿನ ಜಾವ ಎದ್ದು ಲಿನ್‌ವುಡ್ ತುದಿಗೆ ಹೋಗಿ, ಮೊದಲ ರೈಲು ಎಲ್ಲಿಂದ ಬರುತ್ತದೆ ಅಂತ ನೋಡಿ ಬರೆಯಿರಿ. ಸ್ವೆಟರ್ ಹಾಕಿಕೊಂಡು ಹೋಗಿ.

ಹೇಮಾ, ಹೋದ ವಾರ ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಬಂದಿದ್ದಾಗ ನಿನ್ನ ಹಳದಿ ರೈಲಿನಲ್ಲಿ ಬೊಮ್ಮಸಂದ್ರದವರೆಗೆ ಹೋಗಿ ಬಂದೆ. ಆಪರೇಷನ್‌ಗೆ ಮೊದಲು, ಹಾಗಾಗಿ ವಾಚ್ ಸರಿಯಾಗಿ ಕಾಣಲಿಲ್ಲ. ಮೊಮ್ಮಗನ ಕೈಲಿ ಓದಿಸಿದೆ. ಆರನೆಯ ರೈಲು ಬಂದರೆ ಹನ್ನೆರಡೂವರೆ ಬರುತ್ತದೆ. ಅರ್ಧ ನಿಮಿಷ ಬೋರ್ಡ್ ಮೇಲೆ ಹಾಕಲಾಗುವುದಿಲ್ಲ. ಹನ್ನೆರಡು ಅಂತ ಹಾಕುತ್ತಾರೋ ಹದಿಮೂರು ಅಂತಲೋ, ನೋಡಿ ಹೇಳು.