ಊರೇ ಇಲ್ಲದ ಭಾಷೆಯಲ್ಲಿ ಮಗಳನ್ನು ಬೆಳೆಸಿದ ಅಪ್ಪ

ಕನ್ನಡ, ಡಚ್, ಇಂಗ್ಲಿಷ್ ಮೂರೂ ಸೇರಿದರೆ ಮಗುವಿಗೆ ಜಾಸ್ತಿ ಆಗಲ್ವಾ ಅಂತ ಒಬ್ಬ ತಾಯಿ ಈ ಗುಂಪಿನಲ್ಲಿ ಕೇಳಿದ್ದರು. ಐದು ವರ್ಷದ ಹಿಂದೆ ನನಗೂ ಇದೇ ಭಯ ಇತ್ತು. ಮಗಳ ಟೀಚರ್ ಒಬ್ಬರು ಮನೆಯಲ್ಲೂ ಡಚ್ಚೇ ಮಾತಾಡಿ ಅಂದರು, ನಾವೂ ಸುಮ್ನೆ ಒಪ್ಪಿಕೊಂಡೆವು. ಒಂದು ವರ್ಷದಲ್ಲಿ ಅವಳು ಫೋನಿನಲ್ಲಿ ಅಜ್ಜಿಗೆ ಬರೀ "ಹೂಂ", "ಇಲ್ಲ" ಅನ್ನುವಷ್ಟಕ್ಕೆ ಬಂದಳು. ಆ ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಬದಲಾಗಿದ್ದು ಪಕ್ಕದ ಮನೆಯವರನ್ನು ನೋಡಿ. ಅಪ್ಪ ಹಂಗೇರಿಯವರು, ಅಮ್ಮ ಬ್ರೆಜಿಲ್‌ನವರು. ಮಗಳ ಜೊತೆ ಅಮ್ಮ ಆಡುವುದು ಪೋರ್ಚುಗೀಸ್, ಅಪ್ಪ ಆಡುವುದು ಎಸ್ಪೆರಾಂಟೊ! ಈಗಿನ ಪೋಲೆಂಡಿನ ಬಿಯಾಲಿಸ್ಟಾಕ್ ಊರಲ್ಲಿ ಹುಟ್ಟಿದ ಜಾಮೆನ್‌ಹೋಫ್ ಅನ್ನುವ ಕಣ್ಣಿನ ಡಾಕ್ಟರು ಕಟ್ಟಿದ ಭಾಷೆ ಅದು. ಮೊದಲ ಪುಸ್ತಕ 1887ರಲ್ಲಿ ವಾರ್ಸಾದಲ್ಲಿ ಬಂತು. ಅವರ ಊರಲ್ಲಿ ಪೋಲಿಷ್, ರಷ್ಯನ್, ಜರ್ಮನ್, ಯಹೂದಿಗಳ ಯಿಡ್ಡಿಶ್ ಆಡುವವರು ಬೇರೆ ಬೇರೆಯಾಗಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದೆ ಬದುಕುತ್ತಿದ್ದರು. ಎಲ್ಲರಿಗೂ ಎರಡನೆಯ ಭಾಷೆಯಾಗಿ ಇದೊಂದು ಇರಲಿ ಅನ್ನುವುದು ಅವರ ಆಸೆ. ಯಾರ ಮನೆಮಾತೂ ಆಗಲಿ ಅಂತ ಹುಟ್ಟಿದ್ದಲ್ಲ, ಆದರೂ ಕೆಲವು ಮನೆಗಳಲ್ಲಿ ಮಕ್ಕಳು ಅದನ್ನು ಹುಟ್ಟಿನಿಂದಲೇ ಆಡುತ್ತಾರೆ. ಅಂಥವರಿಗೆ 'ದೆನಾಸ್ಕುಲೊ' ಅಂತ ಹೆಸರೇ ಇದೆ.

ಪದಗಳೆಲ್ಲ ಹೆಚ್ಚಾಗಿ ಲ್ಯಾಟಿನ್ ಬಳಗದವು, ಜರ್ಮನ್ ಕಡೆಯವು, ಸ್ವಲ್ಪ ರಷ್ಯನ್, ಪೋಲಿಷ್‌ನಂಥ ಸ್ಲಾವ್ ಭಾಷೆಗಳವು. ಸಂಸ್ಕೃತವೂ ಇವೂ ಒಂದೇ ದೊಡ್ಡ ಭಾಷಾ ಕುಟುಂಬದವು, ಹಾಗಾಗಿ ನಾವು ಸಂಸ್ಕೃತದಿಂದ ತಂದುಕೊಂಡ ಮಾತುಗಳಿಗೆ ಅಲ್ಲಿ ನೆಂಟರು ಸಿಗುತ್ತಾರೆ. ದೆಂತೊ ಅಂದರೆ ದಂತ, ನೋಮೊ ಅಂದರೆ ನಾಮ. ನಮ್ಮ ಹಲ್ಲಿಗೆ, ಹೆಸರಿಗೆ ಯಾರೂ ಸಿಗುವುದಿಲ್ಲ. ಆದರೆ ಪದದ ಕೊನೆಗೆ ಒಂದೊಂದೇ ಅಂಟಿಸುತ್ತಾ ಹೋಗುವ ರೀತಿ ಇದೆಯಲ್ಲ, ಅದು ಥೇಟ್ ನಮ್ಮದೇ.

ಒಂದು ಭಾನುವಾರ ಇಬ್ಬರು ಹುಡುಗಿಯರೂ ನಮ್ಮ ಅಡುಗೆಮನೆ ಟೇಬಲ್ಲಿನಲ್ಲಿ ಕೂತಿದ್ದರು. ಪಕ್ಕದ ಮನೆಯವಳು ಬರೆದಳು: "ಲಾ ಹುಂದೊ ವಿದಾಸ್ ಲಾ ಕಾತೊನ್", ನಾಯಿ ಬೆಕ್ಕನ್ನು ನೋಡುತ್ತದೆ. ಆಮೇಲೆ ತಿರುಗಿಸಿ "ಲಾ ಕಾತೊನ್ ವಿದಾಸ್ ಲಾ ಹುಂದೊ" ಅಂತ ಬರೆದು, ಈಗ ಯಾರು ಯಾರನ್ನು ನೋಡುವುದು ಅಂತ ಡಚ್‌ನಲ್ಲಿ ಕೇಳಿದಳು. ನನ್ನ ಮಗಳು ಬೆಕ್ಕು ಅಂದಳು. ಅಲ್ಲ, ಆಗಲೂ ನಾಯಿಯೇ, ಅಂತ ಆ ಹುಡುಗಿ ಕೊನೆಯ 'ನ್' ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ಇವಳು ಅದನ್ನೇ ನೋಡಿ ನೋಡಿ, ಒಮ್ಮೆಲೇ ನನ್ನ ಕಡೆ ತಿರುಗಿ ಕೂಗಿದಳು: "ಅಮ್ಮಾ, ಬೆಕ್ಕನ್ನು ನಾಯಿ ನೋಡುತ್ತೆ! ಅದು ನಮ್ಮ 'ಅನ್ನು'!"

ಡಚ್ ಮಾತಾಡಿ ಅಂತ ನಾವು ಒಂದು ವರ್ಷ ಒತ್ತಿ ಇಟ್ಟಿದ್ದ ಕನ್ನಡ ಅವಳೊಳಗೆ ಇನ್ನೂ ಉಸಿರಾಡುತ್ತಿತ್ತು.

ನೀವು ಹೇಗೆ ಮಾಡಿದಿರಿ ಅಂತ ಆ ಅಪ್ಪನನ್ನು ಕೇಳಿದೆ. ಮಗಳು ಡಚ್‌ನಲ್ಲಿ ಉತ್ತರ ಕೊಟ್ಟರೂ ನಾನು ಎಸ್ಪೆರಾಂಟೊದಲ್ಲೇ ಮಾತು ಮುಂದುವರಿಸುತ್ತೇನೆ, ಬೈಯುವುದಿಲ್ಲ, ತಿದ್ದುವುದಿಲ್ಲ ಅಂದರು. ನಾವೂ ಅದನ್ನೇ ಹಿಡಿದೆವು. ಈಗ ಅವಳಿಗೆ ಒಂಬತ್ತು, ಮೂರೂ ಭಾಷೆ ಆಡುತ್ತಾಳೆ. ಅಜ್ಜಿ ಫೋನ್ ಮಾಡಿದರೆ ನನ್ನ ಕೈಯಿಂದ ಕಿತ್ತುಕೊಂಡು ರೂಮಿಗೆ ಓಡುತ್ತಾಳೆ.

ಕೇಳಿದ ಆ ತಾಯಿಗೆ ಒಂದು ಮಾತು: ನಿಮ್ಮ ಮಗುವನ್ನು ಶನಿವಾರ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ದೋಸೆ ಹಿಟ್ಟು ರುಬ್ಬಿ ಇಟ್ಟಿರುತ್ತೇನೆ.