ಅಪ್‌ಡೇಟ್: ನಾಮಫಲಕವಿಲ್ಲದ ಹಳೆಯ ಲೇತ್‌ನ ಗುರುತು ಸಿಕ್ಕಿದೆ

ನಾಮಫಲಕ ಕಳೆದುಹೋಗಿರುವ ಪುಟ್ಟ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕತ್ತರಿಸಿ ಆಕಾರ ಕೊಡುವ ಯಂತ್ರ) ಯಾವುದು, ಅದನ್ನು ಹೇಗೆ ಕೂರಿಸಬೇಕು ಎಂಬ ನನ್ನ ಪ್ರಶ್ನೆಗೆ ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ಬೆಡ್‌ನ, ಅಂದರೆ ಯಂತ್ರದ ಉದ್ದನೆಯ ತಳಭಾಗದ, ಜಿಡ್ಡು ತೆಗೆದಾಗ ‘ಕೆ’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಕಂಡಿತು. ಆ ಸಂಖ್ಯೆಯ ಜೊತೆಗೆ, ಸೆಂಟರ್ ಎತ್ತರ (ಬೆಡ್‌ನಿಂದ ಸ್ಪಿಂಡಲ್‌ನ ನಡುವಿನವರೆಗಿನ ಎತ್ತರ) 3½ ಇಂಚು, ಸ್ಪಿಂಡಲ್ (ತುಂಡನ್ನು ತಿರುಗಿಸುವ ದಂಡ) ತುದಿಯ ವ್ಯಾಸ 1⅛ ಇಂಚು, ಅದರ ಥ್ರೆಡ್ ಇಂಚಿಗೆ 12 ಇರುವುದರಿಂದ, ಇದು ಇಂಗ್ಲೆಂಡಿನ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಮೈಫೋರ್ಡ್ ಕಂಪನಿಯ ಎಂಎಲ್7 ಮಾದರಿ ಎಂಬುದು ಖಚಿತವಾಯಿತು.

ಇನ್ನು ಕೂರಿಸುವ ವಿಚಾರ: ಬೋಲ್ಟ್ ಬಿಗಿಯುವಾಗ ಬೆಡ್ ತಿರುಚಿಕೊಳ್ಳುವುದೇ ಮುಖ್ಯ ತೊಂದರೆ. ಆದ್ದರಿಂದ ಸ್ಪಿಂಡಲ್ ತುದಿಯ ಹಿಡಿಕೆಯಾದ ಚಕ್‌ನಲ್ಲಿ ದಪ್ಪ ಸರಳನ್ನು ಹಿಡಿದು, ಇನ್ನೊಂದು ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕ್‌ನ ಆಸರೆಯಿಲ್ಲದೆ, ಟೂಲ್‌ನ ಆಳ ಬದಲಿಸದೆ ಸರಳಿನ ಎರಡು ಕಡೆ ತೆಳುವಾಗಿ ಟರ್ನಿಂಗ್ ಮಾಡಿ (ಸುತ್ತಲೂ ಹೆರೆದು), ಮೈಕ್ರೋಮೀಟರ್‌ನಲ್ಲಿ ಎರಡೂ ವ್ಯಾಸ ಸಮನಾಗುವವರೆಗೆ ಟೇಲ್‌ಸ್ಟಾಕ್ ಬದಿಯ ಪಾದದಡಿ ಶಿಮ್ (ತೆಳುವಾದ ಲೋಹದ ಹಾಳೆ) ಹೊಂದಿಸಿದೆ. ಸ್ಪಿಂಡಲ್‌ನ ಬೇರಿಂಗ್‌ಗಳು ಮೃದುವಾದ ಬಿಳಿ ಲೋಹದವಾದ್ದರಿಂದ, ಎಣ್ಣೆ ಹಾಕದೆ ಮೋಟಾರ್ ಚಾಲೂ ಮಾಡಬೇಡಿರೆಂದು ಇಂಥ ಯಂತ್ರ ಕೊಂಡವರಲ್ಲಿ ವಿನಂತಿಸುತ್ತೇನೆ.