ಓದುಗರ ಸ್ಪಂದನ: ಬಾಗಿಲು ಹಾಕಿಕೊಂಡು ಅಳಲೂ ಜಾಗವಿಲ್ಲ

ಕಳೆದ ಸಂಚಿಕೆಯ ಸಮಸ್ಯೆ

ಬೆಂಗಳೂರಿನ ರಾಜಾಜಿನಗರದಲ್ಲಿ, ಮೂರನೆಯ ಮಹಡಿಯ ಬಾಡಿಗೆ ಮನೆ. ಒಂದು ಕೋಣೆ, ಒಂದು ಹಾಲ್, ಅಡುಗೆಮನೆ. ಅಳೆದರೆ 380 ಚದರ ಅಡಿ. ನಾನು, ನನ್ನ ಪತಿ, ಎರಡನೆಯ ತರಗತಿಯ ಮಗಳು ಮತ್ತು ಮಾವ ತೀರಿಕೊಂಡ ಮೇಲೆ ತಿಪಟೂರು ಕಡೆಯ ಹಳ್ಳಿಯಿಂದ ಬಂದಿರುವ ಅತ್ತೆ ಇದ್ದೇವೆ. ಪತಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ನನಗೆ ಮೆಜೆಸ್ಟಿಕ್ ಹತ್ತಿರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಇಬ್ಬರ ಸಂಬಳ ಸೇರಿ 52,000 ರೂಪಾಯಿ. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ ಕೊಟ್ಟಿದ್ದೇವೆ. ಮುಂದಿನ ತಿಂಗಳಿಂದ 21,000 ಕೊಡಿ, ಇಲ್ಲವೇ ಖಾಲಿ ಮಾಡಿ ಎನ್ನುತ್ತಿದ್ದಾರೆ ಮಾಲೀಕರು. ಅತ್ತೆ ಹಾಲ್‌ನಲ್ಲಿ ಮಲಗುತ್ತಾರೆ, ಮಗಳು ನಮ್ಮಿಬ್ಬರ ನಡುವೆ. ಬಾಗಿಲು ಹಾಕಿಕೊಂಡು ಅಳಲೂ ನನಗೆ ಜಾಗವಿಲ್ಲ. ಅತ್ತೆಯನ್ನು ಊರಿಗೆ ಕಳುಹಿಸಿಬಿಟ್ಟರೆ ಸರಿಹೋಗಬಹುದು ಎನ್ನಿಸುತ್ತದೆ; ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಊರಾಚೆ ಹೋಗಿ ದೊಡ್ಡ ಮನೆ ಹಿಡಿಯಬೇಕೇ? ಏನು ಮಾಡಲಿ?

*

ಮಗಳೇ, ನಾನು ಅತ್ತೆಯ ಕಡೆಯವಳು. ನನಗೆ 69 ವರ್ಷ. ಆರು ವರ್ಷದಿಂದ ಮಗ-ಸೊಸೆಯ ಜೊತೆ ನಿಮ್ಮ ಮನೆಯಂಥದೇ ಮನೆಯಲ್ಲಿದ್ದೇನೆ. ಹಾಲ್‌ನ ದಿವಾನದ ಮೇಲೆ ನನ್ನ ಹಾಸಿಗೆ. ದಿವಾನದ ಕೆಳಗೆ ಅಕ್ಕಿಯ ಡಬ್ಬಿ, ಮೊಮ್ಮಗನ ಹಳೆಯ ಪುಸ್ತಕಗಳು, ನಾನು ಊರಿನಿಂದ ತಂದ ಟ್ರಂಕು.

ಒಂದು ಮಾತು ಹೇಳುತ್ತೇನೆ, ಇದನ್ನು ನನ್ನ ಸೊಸೆಗೂ ಈವರೆಗೆ ಹೇಳಿಲ್ಲ. ರಾತ್ರಿ ಒಂಬತ್ತಕ್ಕೆಲ್ಲ ನಾನು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತೇನೆ. ನಿದ್ದೆ ಬರುವುದು ಹನ್ನೊಂದರ ಮೇಲೆ. ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ, ಅವರಿಬ್ಬರೂ ಅಡುಗೆಮನೆಯಲ್ಲಿ ನಿಂತು ನಾಲ್ಕು ಮಾತು ಆಡಿಕೊಳ್ಳಲಿ ಎಂದು. ಶನಿವಾರ ಸಂಜೆ ದೇವಸ್ಥಾನಕ್ಕೆ ಹೋಗಿ ಎರಡು ಗಂಟೆ ಕೂತು ಬರುತ್ತೇನೆ. ದೇವರಿಗೆ ಕೈಮುಗಿಯಲು ಹತ್ತು ನಿಮಿಷ ಸಾಕು. ಉಳಿದ ಹೊತ್ತು ಮನೆಯನ್ನು ಅವರಿಗೆ ಬಿಟ್ಟುಕೊಟ್ಟು ಕಟ್ಟೆಯ ಮೇಲೆ ಕೂತಿರುತ್ತೇನೆ.

ನಿಮ್ಮ ಅತ್ತೆಯೂ ಹೀಗೇನಾದರೂ ಮಾಡುತ್ತಿರಬಹುದು. ಮೂರು ಮಹಡಿ ಹತ್ತಿ ಇಳಿಯಲು ಮಂಡಿ ಒಪ್ಪದಿದ್ದರೆ ಅಷ್ಟನ್ನೂ ಮಾಡಲಾಗದೆ ಒಳಗೊಳಗೇ ನೊಂದುಕೊಂಡಿರಬಹುದು. ಜಾಗವಿಲ್ಲದ ಮನೆಯಲ್ಲಿ ತಾನು ಎಷ್ಟು ಜಾಗ ಹಿಡಿದಿದ್ದೇನೆ ಎಂಬ ಲೆಕ್ಕ ಮುದುಕರಿಗೆ ಯಾವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ, ತಾಯಿ. ನಿಮ್ಮ ಪತ್ರದಲ್ಲಿ ಮಾಲೀಕರ ಮಾತೂ ಇದೆ, ನಿಮ್ಮ ಅತ್ತೆಯ ಮಾತು ಇಲ್ಲ. "ಅತ್ತೆ, ನಿಮಗೆ ಎಲ್ಲಿ ಇರಬೇಕು ಅನ್ನಿಸುತ್ತದೆ?" ಎಂದು ಕೇಳಿದಿರಾ? ಮಗನ ಎದುರಿಗೆ ಬೇಡ. ಹೂ ಕಟ್ಟುವಾಗಲೋ ಸೊಪ್ಪು ಬಿಡಿಸುವಾಗಲೋ ಪಕ್ಕದಲ್ಲಿ ಕೂತು ಕೇಳಿ.

ಇನ್ನೊಂದು: ಊರಿನ ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ, ಬೀಗದ ಕೈ ಅವರ ಸೆರಗಿನಲ್ಲೇ ಇರಲಿ. ನನ್ನ ಮನೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ಹಬ್ಬಕ್ಕೆ, ಸುಗ್ಗಿಗೆ ನಾನೇ ಹೊರಡುತ್ತೇನೆ, ತಿಂಗಳಿದ್ದು ಬರುತ್ತೇನೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವೂ ಇಲ್ಲ. ಕಳುಹಿಸಿದರು ಎಂದರೆ ಎದೆ ಒಡೆಯುತ್ತದೆ. ನಾನೇ ಹೋಗಿ ಬಂದೆ ಎಂದರೆ ಸಂತೋಷವಾಗಿರುತ್ತದೆ.

— ಅಜ್ಜಿ, ಹನುಮಂತನಗರ

*

ಸೋದರಿ, ಊರಾಚೆ ಹೋಗುವ ಮುನ್ನ ನನ್ನ ಅನುಭವ ಓದಿ. 2016ರಲ್ಲಿ ನಾವು ಯಶವಂತಪುರದ ಇಕ್ಕಟ್ಟಿನ ಮನೆ ಬಿಟ್ಟು ತುಮಕೂರಿಗೆ ಹೋದೆವು. ಎರಡು ಕೋಣೆ, ಮುಂದೆ ತುಳಸಿ ಇಡುವಷ್ಟು ಅಂಗಳ, ಬಾಡಿಗೆ ಬೆಂಗಳೂರಿನ ಅರ್ಧದಷ್ಟು. ಮೊದಲ ವಾರ ನನ್ನ ಹೆಂಡತಿ ಆ ಮನೆಯಲ್ಲಿ ಸುಮ್ಮನೆ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದಳು. ರೈಲಿನ ಸೀಸನ್ ಟಿಕೆಟ್ ಅಗ್ಗ. 70 ಕಿಲೋಮೀಟರ್ ಏನು ಮಹಾ ಎಂದುಕೊಂಡೆ.

ಬೆಳಿಗ್ಗೆ ಆರೂಕಾಲಿಗೆ ಮನೆ ಬಿಡುತ್ತಿದ್ದೆ, ರಾತ್ರಿ ಒಂಬತ್ತರ ಹೊತ್ತಿಗೆ ಮರಳುತ್ತಿದ್ದೆ. ಬೇರೆ ರೈಲಿಗೆ ದಾರಿ ಬಿಡಲೆಂದು ನಮ್ಮ ರೈಲು ನಿಂತರೆ ಇನ್ನೂ ತಡ. ಮಗ ನಿದ್ದೆಯಲ್ಲಿದ್ದಾಗ ಹೋಗಿ ನಿದ್ದೆಯಲ್ಲಿದ್ದಾಗ ಬರುತ್ತಿದ್ದೆ. ಒಂದು ಭಾನುವಾರ ಅವನು ತನ್ನ ಗೆಳೆಯನಿಗೆ, "ನಮ್ಮ ಅಪ್ಪ ಭಾನುವಾರ ಮಾತ್ರ ಬರುತ್ತಾರೆ" ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ದಿನವೂ ಅದೇ ಮನೆಯಲ್ಲಿ ಮಲಗಿ ಏಳುತ್ತಿದ್ದೆ ನಾನು! ಮೂರನೆಯ ವರ್ಷ ವಾಪಸು ಬಂದೆವು.

ರೈಲಿನಲ್ಲಿ ನನ್ನ ಜೊತೆ ಇಪ್ಪತ್ತು ವರ್ಷದಿಂದ ಓಡಾಡುವವರಿದ್ದರು, ಅವರಿಗೆ ಅದು ಒಗ್ಗಿತ್ತು. ಆದರೆ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಅಷ್ಟು ದೂರ ಖಂಡಿತ ಬೇಡ. ನಿಮಗೆ ಹತ್ತಿರದಲ್ಲೇ ಬೇರೆ ದಾರಿ ಇದೆ. ನಿಮ್ಮ ಪತಿಯ ಪೀಣ್ಯ, ನಿಮ್ಮ ಮೆಜೆಸ್ಟಿಕ್, ಎರಡೂ ಮೆಟ್ರೊದ ಹಸಿರು ಮಾರ್ಗದಲ್ಲೇ ಇವೆ. ನಾಗಸಂದ್ರದಿಂದ ಮಾದಾವರದವರೆಗಿನ ಭಾಗ 2024ರ ನವೆಂಬರ್‌ನಲ್ಲಿ ತೆರೆಯಿತು. ದಾಸರಹಳ್ಳಿ, ನಾಗಸಂದ್ರ, ಚಿಕ್ಕಬಿದರಕಲ್ಲು ಕಡೆ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಹುಡುಕಿ. ರಾಜಾಜಿನಗರದ ಒಂದು ಕೋಣೆಯ ಬಾಡಿಗೆಗೆ ಅಲ್ಲಿ ಎರಡು ಕೋಣೆ ಸಿಗುವ ಸಾಧ್ಯತೆ ಇದೆ. ಮಗಳ ಶಾಲೆ ಬದಲಾಗಬೇಕಾದೀತು, ಅದನ್ನು ಬೇಸಿಗೆ ರಜೆಯಲ್ಲಿ ಮಾಡಿ. ಮನೆ ನೋಡುವಾಗ ನೀರಿನ ವಿಚಾರ ಬಿಡದೆ ಕೇಳಿ: ಕಾವೇರಿ ಸಂಪರ್ಕ ಇದೆಯೇ, ಬೋರ್‌ವೆಲ್ ಮಾತ್ರವೇ, ಟ್ಯಾಂಕರ್ ತರಿಸಿದರೆ ಹಣ ಯಾರದು? 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪಟ್ಟ ಪಾಡು ನೆನಪಿದೆಯಲ್ಲ. ಮಾಲೀಕರನ್ನು ಕೇಳುವುದಕ್ಕಿಂತ ಕೆಳಗಿನ ಮನೆಯ ಬಾಡಿಗೆದಾರರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

— ಖಾಸಗಿ ಕಂಪನಿಯ ನೌಕರ, ಯಶವಂತಪುರ

*

ನಾನು ಮನೆ ಬಾಡಿಗೆಗೆ ಕೊಟ್ಟವನು. 20x30 ಸೈಟಿನಲ್ಲಿ ಸಾಲ ಮಾಡಿ ಮೂರು ಮನೆ ಕಟ್ಟಿಸಿದ್ದೇನೆ, ಬರುವ ಬಾಡಿಗೆಯ ದೊಡ್ಡ ಪಾಲು ಬ್ಯಾಂಕಿನ ಕಂತಿಗೇ ಹೋಗುತ್ತದೆ. ಆದರೂ ಹೇಳುತ್ತೇನೆ, 18,000ದಿಂದ ಒಮ್ಮೆಲೇ 21,000 ಎಂದರೆ ನೂರಕ್ಕೆ ಹದಿನಾರಕ್ಕೂ ಹೆಚ್ಚು ಏರಿಕೆ. ಇದು ನ್ಯಾಯವಲ್ಲ. ಕರಾರು ಪತ್ರ ತೆಗೆದು ನೋಡಿ. ವರ್ಷಕ್ಕೆ ನೂರಕ್ಕೆ ಐದು ಎಂದು ಬರೆದಿದ್ದರೆ 18,900 ಆಗುತ್ತದೆ, ಅಷ್ಟೇ.

ಪತ್ರ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ, ಮಾತಿಗೆ ಹೋಗಿ. ನೀವು ಖಾಲಿ ಮಾಡಿದರೆ ಮನೆ ಒಂದೆರಡು ತಿಂಗಳು ಖಾಲಿ ಬೀಳುತ್ತದೆ, ಸುಣ್ಣ ಬಣ್ಣ ಮಾಡಿಸಬೇಕು, ಹೊಸಬರು ಹೇಗಿರುತ್ತಾರೋ ಎಂಬ ಅಳುಕು ಬೇರೆ. ಎರಡು ತಿಂಗಳು ಖಾಲಿ ಬಿದ್ದರೆ 36,000 ಹೋಯಿತು. ಅವರು ಕೇಳುತ್ತಿರುವ ಹೆಚ್ಚಳ ವರ್ಷವಿಡೀ ಬಂದರೂ ಅಷ್ಟೇ 36,000. ತಿಂಗಳ ಐದನೆಯ ತಾರೀಕಿನೊಳಗೆ ಬಾಡಿಗೆ ಕೊಡುವ ಸಂಸಾರಸ್ಥರನ್ನು ಕಳೆದುಕೊಳ್ಳಲು ಯಾವ ಮಾಲೀಕನಿಗೂ ಮನಸ್ಸಿರುವುದಿಲ್ಲ. ನನ್ನ ಎರಡನೆಯ ಮಹಡಿಯವರು ಒಂಬತ್ತು ವರ್ಷದಿಂದ ಇದ್ದಾರೆ. ಅವರ ಮಗಳ ಮದುವೆಗೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿದೆವು.

— ಮನೆ ಮಾಲೀಕ, ಮಹಾಲಕ್ಷ್ಮಿ ಬಡಾವಣೆ

*

ಕಾನೂನಿನ ದೃಷ್ಟಿಯಿಂದ ಒಂದೆರಡು ಮಾತು. ಒಂದು ವರ್ಷ ಮೀರುವ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ರೂಢಿಗೆ ಬಂತು. ಎಷ್ಟು ಮುಂಚೆ ತಿಳಿಸಿ ಖಾಲಿ ಮಾಡಿಸಬೇಕು ಎಂಬುದು ಅದರಲ್ಲೇ ಬರೆದಿರುತ್ತದೆ, ಓದಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಸಲ್ಲದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾಯ್ದೆಯಾಗಿ ಮಾಡಿಕೊಂಡ ಹೊರತು ಅನ್ವಯಿಸುವುದಿಲ್ಲ. ಹೊಸ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಐದಕ್ಕೆ ಇಳಿಸಲು ಚೌಕಾಸಿ ಮಾಡುವುದೊಂದೇ ದಾರಿ. ಮನೆ ಬಿಡುವ ದಿನ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸುಣ್ಣ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಈಗಲೇ ಬರವಣಿಗೆಯಲ್ಲಿ ಪಡೆಯಿರಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಹಳೆಯ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸುವುದನ್ನು ಮರೆಯಬೇಡಿ.

— ವಕೀಲೆ, ಮಲ್ಲೇಶ್ವರ

*

ತಂಗಿ, ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಪರೇಲ್‌ನ ಚಾಳಿನಲ್ಲಿ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದರು. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿ, ಅದರಲ್ಲಿ ನಾವು ಆರು ಜನ. ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ, ಅದೇ ಬಚ್ಚಲು, ಅದೇ ಪಾತ್ರೆ ತೊಳೆಯುವ ಜಾಗ. ಪಾಯಖಾನೆ ಗ್ಯಾಲರಿಯ ಕೊನೆಯಲ್ಲಿ, ಇಡೀ ಮಹಡಿಗೆ ಸೇರಿದ್ದು. ಅಪ್ಪ ಬಡಗಿಯನ್ನು ಕರೆಸಿ ಖೋಲಿಯ ಅರ್ಧಕ್ಕೆ ಹಲಗೆಯ ಅಟ್ಟ ಹಾಕಿಸಿದರು, ಅದಕ್ಕೆ ಅಲ್ಲಿ ಪೋಟ್‌ಮಾಳಾ ಎನ್ನುತ್ತಾರೆ. ಕೂತರೆ ಸೂರು ತಲೆಗೆ ತಾಗುತ್ತಿತ್ತು. ನಾನು ಹೊಟ್ಟೆಯ ಮೇಲೆ ಮಲಗಿಯೇ ಹತ್ತನೆಯ ತರಗತಿಗೆ ಓದಿದೆ.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಬರೆಯುತ್ತಿಲ್ಲ. ಜಗಳಗಳಾಗುತ್ತಿದ್ದವು. ಮದುವೆಯಾದ ಅಣ್ಣ ಅತ್ತಿಗೆಯ ಜೊತೆ ಮಾತನಾಡಲು ದಾದರ್ ಚೌಪಾಟಿಯವರೆಗೆ ಹೋಗುತ್ತಿದ್ದ. ಆ ಸಂಕಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ಅಮ್ಮ ಒಂದು ಕ್ರಮ ಮಾಡಿದ್ದಳು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಖೋಲಿ ಒಬ್ಬರದು. ದಿನಕ್ಕೊಬ್ಬರಂತೆ ಸರದಿ. ಆ ಒಂದು ಗಂಟೆ ಉಳಿದವರೆಲ್ಲ ಗ್ಯಾಲರಿಯಲ್ಲಿ. ಮಳೆ ಬಂದರೂ ಅಲ್ಲೇ. ಒಳಗಿನವರು ಏನು ಮಾಡುತ್ತಾರೆಂದು ಯಾರೂ ಕೇಳುವಂತಿಲ್ಲ, ಬಾಗಿಲು ತಟ್ಟುವಂತಿಲ್ಲ.

ಅಜ್ಜಿಯ ಸರದಿ ಶುಕ್ರವಾರ. ಆ ಗಂಟೆಯಲ್ಲಿ ಅಜ್ಜಿ ಏನು ಮಾಡುತ್ತಾಳೆ ಎಂಬ ಕುತೂಹಲಕ್ಕೆ ಒಮ್ಮೆ ಬಾಗಿಲ ಸಂದಿಯಲ್ಲಿ ಇಣುಕಿದ್ದೆ. ನೆಲದ ಮೇಲೆ ಕಾಲು ಚಾಚಿ ಕೂತು, ತಲೆಗೂದಲು ಬಿಚ್ಚಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ನಿಧಾನವಾಗಿ ಬಾಚಿಕೊಳ್ಳುತ್ತಿದ್ದಳು. ನಮ್ಮೆದುರು ಅವಳ ಸೆರಗು ತಲೆಯಿಂದ ಜಾರಿದ್ದನ್ನು ನಾನು ಕಂಡಿರಲಿಲ್ಲ.

ನಿಮಗೆ ಅಳಲೂ ಜಾಗವಿಲ್ಲ ಎಂದು ಬರೆದಿದ್ದೀರಿ. ಬೇರೆ ಮನೆ ಸಿಗುವವರೆಗೆ ಆ ಕೋಣೆಯ ಬಾಗಿಲನ್ನು ಹೀಗೆ ಸರದಿಯಲ್ಲಿ ಹಂಚಿಕೊಳ್ಳಿ. ನಿಮಗೊಂದು ಗಂಟೆ, ಅತ್ತೆಗೊಂದು ಗಂಟೆ, ನೀವಿಬ್ಬರೂ ಜೊತೆಯಾಗಿರಲು ವಾರಕ್ಕೊಂದು ಸಂಜೆ. ಮಗಳಿಗೂ ಒಂದು ಸರದಿ ಕೊಡಿ, ಏಳು ವರ್ಷದವಳಿಗೂ ಬೇಕಾಗುತ್ತದೆ.

— ಓದುಗ, ಡೊಂಬಿವಲಿ

*

ಅಕ್ಕಾ, ಹೊಂದಿಕೊಂಡು ಹೋಗಿ ಎಂದು ಹಲವರು ಬರೆದಾರು. ನಾನು ಹಾಗೆ ಹೇಳಲಾರೆ. ನಿಮಗೆ ಅನ್ನಿಸಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದಿನವಿಡೀ ಲೆಕ್ಕ ಬರೆದು, ಬಸ್ಸಿನಲ್ಲಿ ನಿಂತು ಬಂದು, ಇಬ್ಬರು ನಿಲ್ಲಲಾಗದ ಅಡುಗೆಮನೆಯಲ್ಲಿ ಬೇಯುವವರು ನೀವು. ಇಕ್ಕಟ್ಟಿನ ಮನೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಮೊದಲು ಹೆಂಗಸರ ಮೇಲೆ ಬೀಳುತ್ತದೆ. ನಿಮ್ಮ ಪತಿ ಏನು ಹೇಳುತ್ತಾರೆ ಎಂಬುದು ಪತ್ರದಲ್ಲಿ ಒಂದು ಸಾಲೂ ಇಲ್ಲ. ಅವರ ತಾಯಿಯ ವಿಚಾರವನ್ನು, ಮಾಲೀಕರ ಜೊತೆಗಿನ ಮಾತನ್ನು, ಮನೆ ಹುಡುಕುವ ಓಡಾಟವನ್ನು ನೀವೊಬ್ಬರೇ ಏಕೆ ಹೊರಬೇಕು? ಈ ಭಾನುವಾರ ಟು-ಲೆಟ್ ಬೋರ್ಡು ನೋಡಲು ದಾಸರಹಳ್ಳಿಗೆ ಅವರು ಹೋಗಲಿ. ನೀವು ಮನೆಯಲ್ಲಿ ಮಲಗಿ ನಿದ್ದೆ ಮಾಡಿ.

— ಬ್ಯಾಂಕ್ ಉದ್ಯೋಗಿ, ವಿಜಯನಗರ

*

ನಾನು ನಿವೃತ್ತ ಶಿಕ್ಷಕಿ, ನಿಮ್ಮ ರಾಜಾಜಿನಗರದವಳೇ. ಮನೆಯ ವಿಚಾರ ಬಲ್ಲವರು ಹೇಳುತ್ತಾರೆ, ನಾನು ಮಗುವಿನ ವಿಚಾರ ಹೇಳುತ್ತೇನೆ. ಇಂಥ ಮನೆಗಳಿಂದ ಬಂದ ಮಕ್ಕಳನ್ನು ಮೂವತ್ತು ವರ್ಷ ನೋಡಿದ್ದೇನೆ. ತೊಡೆಯ ಮೇಲೆ ಪುಸ್ತಕವಿಟ್ಟು ಬರೆದ ಮಕ್ಕಳ ಅಕ್ಷರ ಸಾಲಿನ ಕೊನೆಗೆ ಬರುವಷ್ಟರಲ್ಲಿ ಕೆಳಕ್ಕೆ ಜಾರಿರುತ್ತದೆ. ಅದನ್ನು ನೋಡಿಯೇ ಮನೆಯಲ್ಲಿ ಮೇಜಿಲ್ಲ ಎಂದು ನನಗೆ ತಿಳಿಯುತ್ತಿತ್ತು. ಗೋಡೆಗೆ ಕೀಲು ಹಾಕಿ ಮಡಚುವ ಹಲಗೆಯೊಂದನ್ನು ಹೊಡೆಸಿ. ಒಂದೂವರೆ ಅಡಿ ಅಗಲ ಸಾಕು, ಬಡಗಿಗೆ ಅರ್ಧ ದಿನದ ಕೆಲಸ. ಮನೆ ಬದಲಿಸಿದರೆ ಬಿಚ್ಚಿಕೊಂಡು ಹೋಗಬಹುದು.

ಸಂಜೆ ನಾನು ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ರಿಕೆ ಓದುತ್ತಾ ಕೂತಿರುತ್ತೇನೆ. ಉದ್ದನೆಯ ಮೇಜು, ಫ್ಯಾನು, ಬೇಕಾದಷ್ಟು ಬೆಳಕು ಇದೆ. ನಿಮ್ಮ ಅತ್ತೆ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಬರಲಿ. ಮಗು ಬರೆಯುತ್ತಿರಲಿ, ಮಗ್ಗಿ ನಾನು ನೋಡಿಕೊಳ್ಳುತ್ತೇನೆ. ಅತ್ತೆಯವರಿಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಹೊರಗೆ ಹೊಂಗೆ ಮರದ ಕೆಳಗೆ ಕಲ್ಲಿನ ಬೆಂಚಿದೆ. ತಿಪಟೂರು ಕಡೆಯವರು ಇನ್ನಿಬ್ಬರು ಅಲ್ಲಿ ದಿನವೂ ಬಂದು ಕೂರುತ್ತಾರೆ.

— ನಿವೃತ್ತ ಶಿಕ್ಷಕಿ, ರಾಜಾಜಿನಗರ